ಅಲಗೇರಿಗೆ ಬಾಲಚಕ್ರದ ವಿಮಾನವೇ ಸರಿ

ಅಂಕೋಲೆಯ ಅಲಗೇರಿಯಲ್ಲಿ ನಾಗರಿಕ ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಕಾರವಾರದವರು ವಿಮಾನ ಹತ್ತಬೇಕೆಂದರೆ ಇವತ್ತಿಗೂ ಗೋವಾಕ್ಕೋ ಹುಬ್ಬಳ್ಳಿಗೋ ಹೋಗಬೇಕು, ಇಲ್ಲವೇ ಮನೆಯಲ್ಲಿ ಸಿಮ್ಯುಲೇಟರ್ ಹಾಕಿಕೊಂಡು ಕೂರಬೇಕು. ಊರಿಗೆ ವಿಮಾನವೇ ಬಂದಿಲ್ಲವೆಂದಲ್ಲ. 2017ರಲ್ಲಿ ನೌಕಾಪಡೆಯಿಂದ ನಿವೃತ್ತಿಯಾದ ಟುಪೊಲೆವ್-142 ಗಸ್ತು ವಿಮಾನ ಕಡಲತೀರದಲ್ಲೇ ನಿಂತಿದೆ. ಅರಕ್ಕೋಣಂನಿಂದ ಬಿಡಿಭಾಗಗಳಾಗಿ ಲಾರಿ ಹತ್ತಿ ಬಂತು. ವಿಮಾನಕ್ಕೂ ಇಲ್ಲಿ ರಸ್ತೆಯೇ ಗತಿ. ಆದರೆ ವಿಮಾನವನ್ನು ನೆಲದ ಮೇಲೆ ನಡೆಸಲು ಕಲಿಯುವವರಿಗೆ ಅದು ಉಪಯೋಗಕ್ಕಿಲ್ಲ. ಅದಕ್ಕೆ ಮೂಗಿನಡಿ ಚಕ್ರ. ಒಂದೊಂದು ಎಂಜಿನ್ನಿಗೂ ಎದುರುಬದುರಾಗಿ ತಿರುಗುವ ಎರಡೆರಡು ಪ್ರೊಪೆಲ್ಲರ್, ಹಾಗಾಗಿ ಪಕ್ಕಕ್ಕೆ ಎಳೆಯುವ ಚಾಳಿಯಿಲ್ಲ. ಅಷ್ಟು ನೆಟ್ಟಗೆ ಹೋಗುವ ಯಂತ್ರ ನಮ್ಮ ಯೋಜನೆಗಳಿಗೆ ಒಗ್ಗದು.

ಒಗ್ಗುವುದು ಟೇಲ್‌ಡ್ರ್ಯಾಗರ್. ಮುಂದೆ ಎರಡು ದೊಡ್ಡ ಚಕ್ರ, ಬಾಲದಡಿ ಒಂದು ಪುಟ್ಟದು. ನೆಲದ ಮೇಲಿರುವಷ್ಟು ಹೊತ್ತೂ ಮೂಗು ಆಕಾಶಕ್ಕೆ, ಎದುರಿಗೇನಿದೆಯೆಂದು ನಡೆಸುವವನಿಗೇ ಕಾಣದು. ಅದಕ್ಕೇ ಹಾವಿನ ಹಾಗೆ ಎಡಕ್ಕಿಷ್ಟು, ಬಲಕ್ಕಿಷ್ಟು ಮೂಗು ತಿರುಗಿಸುತ್ತ, ಪಕ್ಕದ ಗಾಜಿನಿಂದ ಇಣುಕುತ್ತ, ನಡಿಗೆಯ ವೇಗದಲ್ಲಿ ಸಾಗಬೇಕು. ಸರ್ವೆ, ಪರಿಹಾರ, ಭರವಸೆ ಎಂದು ಅತ್ತಿತ್ತ ಹೊರಳುವ ಕಡತಕ್ಕೆ ಈ ತರಬೇತಿ ಯಾರು ಕೊಟ್ಟರೋ, ಪಾಠ ಮಾತ್ರ ಪಕ್ಕಾ ಆಗಿದೆ. ಒಂದೇ ಕೊರತೆ: ಇಣುಕುವ ಕೆಲಸ ಬಿಟ್ಟುಹೋಗಿದೆ.

ಕಲಿಯುವವರು ಮೊದಲು ಸಿಮ್ಯುಲೇಟರಿನ ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ರಡರ್, ಅಂದರೆ ಪೆಡಲ್ ಒತ್ತಿ ತಿರುಗಿಸಬೇಕಾದ ಬಾಲದ ಹಲಗೆಯನ್ನು ಕಂಪ್ಯೂಟರೇ ನೋಡಿಕೊಳ್ಳುವ ಸೌಲಭ್ಯ, ತೆಗೆಯಿರಿ. ಅದಿದ್ದರೆ ಪೆಡಲ್ ಯಾರು ಒತ್ತುತ್ತಿದ್ದಾರೆಂದೇ ತಿಳಿಯದು. ಸರ್ಕಾರಿ ಸಭೆಗೆ ಅದು ಸರಿ, ರನ್‌ವೇಗೆ ಅಲ್ಲ. ಎಡ ಬಲ ಬ್ರೇಕುಗಳಿಗೆ ಬೇರೆ ಬೇರೆ ಆಕ್ಸಿಸ್, ಅಂದರೆ ಒತ್ತಿದಷ್ಟೇ ಹಿಡಿಯುವ ಪೆಡಲ್, ಕೊಡಿ. ಒಂದೇ ಗುಂಡಿಯಲ್ಲಿ ಎರಡನ್ನೂ ಹಿಡಿದರೆ ತಿರುಗುವುದಿಲ್ಲ, ಜೋರಾಗಿ ಹಿಡಿದರೆ ಮೂಗು ಮುಗ್ಗರಿಸುತ್ತದೆ. ಕೀಬೋರ್ಡಿನಲ್ಲಂತೂ ಆಸೆ ಬಿಡಿ, ಅಲ್ಲಿ ರಡರಿಗೆ ಹದ ಸಿಗದು.

ಬಾಲಚಕ್ರ ಎಲ್ಲದರಲ್ಲೂ ಒಂದೇ ಥರ ಇರುವುದಿಲ್ಲ. ಹಗುರ ವಿಮಾನ ಪೈಪರ್ ಕಬ್‌ನಲ್ಲಿ ಅದು ಸ್ಪ್ರಿಂಗ್ ಮೂಲಕ ಪೆಡಲಿನ ಮಾತು ಕೇಳುತ್ತದೆ. ಮಸ್ಟಾಂಗ್ ಯುದ್ಧವಿಮಾನದಲ್ಲಿ ಸ್ಟಿಕ್ಕನ್ನು, ಅಂದರೆ ಕೈಯಲ್ಲಿ ಹಿಡಿಯುವ ಚಾಲನಾ ಕೋಲನ್ನು, ಹಿಂದಕ್ಕೆಳೆದರೆ ಲಾಕ್, ಆಗ ಎರಡೂ ಬದಿಗೆ 6 ಡಿಗ್ರಿ ಮಾತ್ರ ತಿರುಗೀತು. ಪೂರ್ತಿ ಮುಂದೆ ತಳ್ಳಿದರೆ ಚಕ್ರ ಬಿಡುಗಡೆ. ಇನ್ನೊಂದು ಯುದ್ಧವಿಮಾನವಾದ ಸ್ಪಿಟ್‌ಫೈರ್‌ನದು ಯಾರ ಹಂಗಿಗೂ ಇಲ್ಲದ ಚಕ್ರ, ತಿರುಗಿಸಲು ಬ್ರೇಕೇ ಗತಿ. ಯಾವುದೇ ಇರಲಿ, ಮೂಗು ಹೊರಳಲು ಶುರುವಾದೊಡನೆ ಪೆಡಲ್ ಸಡಿಲಿಸಿ ಎದುರು ಪೆಡಲನ್ನು ಚೂರು ತಟ್ಟಬೇಕು. ತಡಮಾಡಿದಿರೋ, ಗ್ರೌಂಡ್ ಲೂಪ್. ಭಾರದ ಕೇಂದ್ರ ಮುಂದಿನ ಚಕ್ರಗಳಿಗಿಂತ ಹಿಂದಿರುವುದರಿಂದ ಬಾಲ ಮೂಗನ್ನೇ ಹಿಂದಿಕ್ಕಲು ನೋಡುತ್ತದೆ. ವಿಮಾನ ಗಿರ್ರನೆ ಸುತ್ತಿ, ರೆಕ್ಕೆಯ ತುದಿ ನೆಲಕ್ಕೆ ಉಜ್ಜಿ, ಬಂದ ದಾರಿಗೇ ಮುಖ ಮಾಡಿ ನಿಲ್ಲುತ್ತದೆ. ಕಡತಗಳಲ್ಲಿ ಇದಕ್ಕೆ ‘ಪರಿಶೀಲನೆಯಲ್ಲಿದೆ’ ಎಂದು ಷರಾ.

ಕರಾವಳಿಯಲ್ಲಿ ಗಾಳಿಯ ಲೆಕ್ಕವೂ ಬೇಕು. ಎದುರುಗಾಳಿಗೆ ಸ್ಟಿಕ್ ಹೊಟ್ಟೆಗೆ ತಾಗುವಷ್ಟು ಹಿಂದಿರಲಿ, ಬಾಲ ನೆಲಕ್ಕೆ ಅಂಟಿಕೊಳ್ಳುತ್ತದೆ. ಗಾಳಿ ಹಿಂದಿನಿಂದ ಜೋರಾಗಿ ಬೀಸಿದರೆ ಮುಂದಕ್ಕೆ ತಳ್ಳಿ, ಇಲ್ಲದಿದ್ದರೆ ಬಾಲದ ಅಡ್ಡಹಲಗೆಯಾದ ಎಲಿವೇಟರಿನಡಿ ಹೊಕ್ಕ ಗಾಳಿ ಬಾಲವನ್ನೇ ಎತ್ತಿಬಿಡುತ್ತದೆ. ಚುನಾವಣೆಯ ಗಾಳಿ ಬೀಸುವುದು ಯಾವಾಗಲೂ ಹಿಂದಿನಿಂದ, ನಮ್ಮವರು ಸ್ಟಿಕ್ ಎಳೆಯುವುದು ಯಾವಾಗಲೂ ಎದೆಗೆ. ಪ್ರೊಪೆಲ್ಲರ್ ನೆಲಕ್ಕೆ ಬಡಿದು ಬಾಗಿದರೆ ಸಿಮ್ಯುಲೇಟರಿನಲ್ಲಿ ರೀಸೆಟ್ ಒತ್ತುತ್ತಾರೆ, ಜಿಲ್ಲೆಯಲ್ಲಿ ಹೊಸದಾಗಿ ಮನವಿ ಕೊಡುತ್ತಾರೆ.