ಕಿರುನಾದಿಂದ ಕಲಿಯೋದು ಏನು?

2025ರ ಆಗಸ್ಟ್‌ನಲ್ಲಿ ಸ್ವೀಡನ್ನಿನ ಕಿರುನಾದಲ್ಲಿ 672 ಟನ್ ತೂಕದ ಮರದ ಚರ್ಚನ್ನು ಇಡಿಯಾಗಿ ಎತ್ತಿ, ಐದು ಕಿಲೋಮೀಟರ್ ಆಚೆ ಸಾಗಿಸಿದರು. ಎರಡು ದಿನದ ಪಯಣ, ಟೀವಿಯಲ್ಲಿ ನೇರ ಪ್ರಸಾರ. ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲೂ ವಿಡಿಯೋ ಓಡಾಡಿತು. "ಇವರನ್ನ ನೋಡಿ ಕಲೀಬೇಕು" ಅಂದರು ಎಲ್ಲರೂ. ಬಳ್ಳಾರಿ ಕಡೆಯಿಂದ ಬಂದು ಇದೇ ಸ್ವೀಡನ್ನಿನಲ್ಲಿರುವ ನಾನೂ ಒಪ್ಪುತ್ತೇನೆ. ಆದರೆ ಕಲಿಯೋದು ಏನನ್ನ?

ಕಬ್ಬಿಣದ ಅದಿರಿಗಾಗಿಯೇ 1900ರಲ್ಲಿ ಹುಟ್ಟಿದ ಊರು ಕಿರುನಾ. ಗಣಿ ಎಲ್‌ಕೆಎಬಿ ಎಂಬ ಸರ್ಕಾರಿ ಕಂಪನಿಯದು. ಅದಿರಿನ ಪದರ ಓರೆಯಾಗಿ ಊರಿನ ಅಡಿಗೇ ಇಳಿದಿದೆ. ಕೆಳಗೆ ಅಗೆದಷ್ಟೂ ಮೇಲಿನ ನೆಲ ಬಿರುಕು ಬಿಡುತ್ತದೆ. ಊರು ಜಾಗ ಬದಲಿಸಬೇಕು ಅಂತ ಕಂಪನಿ 2004ರಲ್ಲೇ ಹೇಳಿತು. ಹೊಸ ಪೇಟೆ ತೆರೆದದ್ದು 2022ರಲ್ಲಿ. ಖರ್ಚು ಗಣಿಯ ತಲೆಗೇ, ಕಾನೂನು ಹಾಗಿದೆ. ಪರಿಹಾರ ಸಾಲದು ಅನ್ನೋ ಗೊಣಗಾಟ ಇಲ್ಲೂ ಇದೆ. ಇನ್ನೂ ಸುಮಾರು 6,000 ಜನ ಮನೆ ಬಿಡಬೇಕಂತೆ. ಆದರೂ ಅವರಿಗೆ ಮೊದಲೇ ಗೊತ್ತು. ನಾನು ಮೆಚ್ಚೋದು ಇದನ್ನೇ.

ನಮ್ಮ ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಚಿನ್ನ ತೆಗೆದರೆ ನಷ್ಟ ಅನ್ನೋದು ವರ್ಷಗಟ್ಟಲೆ ಗೊತ್ತಿದ್ದ ಸಂಗತಿ. ಆಮೇಲೆ ಊರು ಏನು ಮಾಡಬೇಕು ಅಂತ ಯೋಚಿಸಿದವರು ಕಡಿಮೆ. ಇವತ್ತಿಗೂ ಅಲ್ಲಿನ ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಚಿನ್ನ ಬೇರ್ಪಡಿಸಿದ ಮೇಲೆ ಗುಡ್ಡದಂತೆ ಸುರಿದ ಸಯನೈಡ್ ಮಣ್ಣು ಊರಲ್ಲೇ ಉಳಿದಿದೆ.

ಹಣದ ಲೆಕ್ಕ ಬೇರೆ. ಸ್ವೀಡನ್ನಿನಲ್ಲಿ ಹೊಸ ಗಣಿ ಕೊಡುವ ಖನಿಜ ಶುಲ್ಕ ಅದಿರಿನ ಬೆಲೆಯ ಬರೀ 0.2 ಶೇಕಡ. ಅದರಲ್ಲೂ ಮುಕ್ಕಾಲು ಪಾಲು ಜಮೀನಿನ ಒಡೆಯನಿಗೆ. ನಮ್ಮಲ್ಲಿ ಕಬ್ಬಿಣದ ಅದಿರಿಗೆ 15 ಶೇಕಡ ರಾಯಲ್ಟಿ. ಅದರ ಮೇಲೆ 2015ರಿಂದ ಗಣಿ ಬಾಧಿತ ಊರುಗಳಿಗಾಗಿ ಜಿಲ್ಲಾ ಖನಿಜ ನಿಧಿಗೂ ಕಟ್ಟಬೇಕು. ಕಾಗದದ ಮೇಲೆ ನಾವೇ ಮುಂದೆ! ಬಳ್ಳಾರಿಯ ಕೆಂಪು ಧೂಳಿನ ರಸ್ತೆಯಲ್ಲಿ ಓಡಾಡಿದವರು ಇದನ್ನ ಕೇಳಿ ನಕ್ಕರೆ ತಪ್ಪಿಲ್ಲ.

ಸ್ವೀಡನ್ ಎಡವುವುದು ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ವಿಷಯದಲ್ಲಿ. ಕಿರುನಾದ ಪಕ್ಕದ ಪೆರ್ ಗೆಯೆರ್‌ನಲ್ಲಿ ಹತ್ತು ಲಕ್ಷ ಟನ್ನಿಗೂ ಜಾಸ್ತಿ 'ರೇರ್ ಅರ್ಥ್' ಎಂಬ ಅಪರೂಪದ ಖನಿಜ ಇದೆ ಎಂದು 2023ರ ಜನವರಿಯಲ್ಲಿ ಎಲ್‌ಕೆಎಬಿ ಸಾರಿತು. ಎಲೆಕ್ಟ್ರಿಕ್ ಕಾರು, ಗಾಳಿಯಂತ್ರಗಳ ಅಯಸ್ಕಾಂತಕ್ಕೆ ಬೇಕಾದದ್ದು. ಯುರೋಪು ಹಿಗ್ಗಿತು. ಅಲ್ಲಿ ಹಿಮಸಾರಂಗ ಮೇಯಿಸುವ ಗಾಬ್ನಾ ಎಂಬ ಸಾಮಿ ಸಮುದಾಯಕ್ಕೆ ಮಾತ್ರ ದಿಗಿಲು. ಹಳೆ ಗಣಿ ಒಂದು ಕಡೆಯ ನೆಲ ನುಂಗಿದೆ. ಇನ್ನೊಂದು ಬಂದರೆ ಹಿಂಡು ಬೇಸಿಗೆ, ಚಳಿಗಾಲದ ಮೇವಿಗೆ ಹಾಯುವ ದಾರಿಯೇ ಮುಚ್ಚುತ್ತದೆ ಅನ್ನುತ್ತಾರೆ. ಮನೆ ಕಳೆದುಕೊಂಡವರಿಗೆ ಬೇರೆ ಮನೆ ಕಟ್ಟಿಕೊಡಬಹುದು. ಹಿಂಡಿನ ದಾರಿಯನ್ನ ಎಲ್ಲಿ ಕಟ್ಟಿಕೊಡ್ತೀರಿ?

ಸಂಡೂರಿನ ದೇವದಾರಿ ಗುಡ್ಡದ ಗಣಿಗಾರಿಕೆಯ ಚರ್ಚೆ ಓದುವಾಗಲೂ ನನಗೆ ಗಾಬ್ನಾದವರೇ ನೆನಪಾಗುತ್ತಾರೆ. ಕೇಂದ್ರ ಹೀಗೆ, ರಾಜ್ಯ ಹಾಗೆ, ಕಡಿಯುವ ಮರ ಎಷ್ಟು, ಸಿಗುವ ಕೆಲಸ ಎಷ್ಟು. ಆ ಕಡೆ ಕುರಿ ಹೊಡೆದುಕೊಂಡು ಹೋಗುವವರು ಏನಂತಾರೆ ಅನ್ನೋದು ಮಾತ್ರ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.