'ಯಾವ ಡೇಟಾಬೇಸ್‌ಗೆ ಸ್ಕೋಪ್ ಇದೆ?' ಅಂತ ಕೇಳೋರಿಗೆ

ಬೆಂಗಳೂರಿನ ಮಾರತಹಳ್ಳಿ ಕಡೆ ಕಂಬಗಳಿಗೆ ಮತ್ತೆ ಕೋಚಿಂಗ್ ಕೋರ್ಸಿನ ಹೊಸ ಪೋಸ್ಟರ್ ಬಿದ್ದಿದೆ: ಒರಾಕಲ್ ಡಿಬಿಎ (ಡೇಟಾಬೇಸ್ ನೋಡ್ಕೊಳ್ಳೋ ಕೆಲಸ), 45 ದಿನ, ನೂರಕ್ಕೆ ನೂರು ಪ್ಲೇಸ್‌ಮೆಂಟ್. ಅದರ ಫೋಟೊ ತೆಗೆದು ಇನ್‌ಬಾಕ್ಸಿಗೆ ಕಳಿಸಿ, "ಸರ್, ಇದಕ್ಕೆ ಸ್ಕೋಪ್ ಇದೆಯಾ, ಇಲ್ಲ ಮೈಎಸ್‌ಕ್ಯೂಎಲ್ ಕಲೀಲಾ?" ಅಂತ ಕೇಳೋರಿಗೆಲ್ಲ ಒಟ್ಟಿಗೇ ಇಲ್ಲಿ ಉತ್ತರ ಬರೀತಿದೀನಿ. ಸಿಟ್ಟಲ್ಲೇ ಬರೀತಿದೀನಿ, ಸ್ವಲ್ಪ ಸಹಿಸ್ಕೊಳ್ಳಿ.

ಸೇರೋ ಕಂಪನಿ ಗೊತ್ತಿದ್ರೆ ಅಲ್ಲಿ ಏನು ಬಳಸ್ತಾರೋ ಅದನ್ನ ಕಲೀರಿ. ಡಾಟ್ ನೆಟ್ ಕಡೆ ಹೋಗೋರಿಗೆ ಎಸ್‌ಕ್ಯೂಎಲ್ ಸರ್ವರ್, ಪಿಎಚ್‌ಪಿ ಕಡೆ ಹೋಗೋರಿಗೆ ಮೈಎಸ್‌ಕ್ಯೂಎಲ್. ಏನೂ ಗೊತ್ತಿಲ್ವಾ? ಪೋಸ್ಟ್‌ಗ್ರೆಸ್, ಅದೂ ಇಂಥದ್ದೇ ಒಂದು ಡೇಟಾಬೇಸ್. ನನಗೆ ಅದರ ಮೇಲೆ ಪಕ್ಷಪಾತ ಇದೆ, ಮುಚ್ಚಿಡಲ್ಲ. ಆದರೆ ದುಡ್ಡು ಕೊಡದೆ, ಲೈಸೆನ್ಸ್ ಓದದೆ, ಇಡೀ ಸರ್ವರನ್ನ ಲ್ಯಾಪ್‌ಟಾಪಲ್ಲಿ ಬಿಚ್ಚಿ ನೋಡಬಹುದು ಅನ್ನೋದು ಪಕ್ಷಪಾತದ ಮಾತಲ್ಲ.

ಇಷ್ಟು ಹೇಳಿದ ಮೇಲೂ "ಅದಕ್ಕೆ ಸ್ಕೋಪ್…" ಅಂತ ಶುರು ಮಾಡ್ತೀರಿ. ಡೇಟಾವನ್ನ ಟೇಬಲ್‌ಗಳಾಗಿ ಇಡೋ ರಿಲೇಷನಲ್ ಮಾಡೆಲ್ ಬಗ್ಗೆ ಎಡ್ಗರ್ ಕಾಡ್ ಬರೆದದ್ದು 1970ರಲ್ಲಿ. ಒರಾಕಲ್ ಮಾರುಕಟ್ಟೆಗೆ ಬಂದದ್ದು 1979ರಲ್ಲಿ, ಬರ್ಕ್‌ಲಿಯಲ್ಲಿ ಪೋಸ್ಟ್‌ಗ್ರೆಸ್ ಶುರುವಾದದ್ದು 1986ರಲ್ಲಿ, ಮೈಎಸ್‌ಕ್ಯೂಎಲ್ ಬಂದದ್ದು 1995ರಲ್ಲಿ. ಆ ಮೈಎಸ್‌ಕ್ಯೂಎಲ್ 2008ರಲ್ಲಿ ಸನ್ ಕಂಪನಿಯ ಪಾಲಾಯ್ತು, 2010ರಲ್ಲಿ ಸನ್ ಸಮೇತ ಒರಾಕಲ್ ಪಾಲಾಯ್ತು. ಯಜಮಾನರು ಬದಲಾದರು, ಟೇಬಲ್‌ಗಳನ್ನ ಜೋಡಿಸೋ ಜಾಯಿನ್ ಬದಲಾಗಲಿಲ್ಲ. 'ಈ ಪಟ್ಟಿಯಲ್ಲಿ ಇಲ್ಲದ್ದನ್ನ ಕೊಡು' ಅನ್ನೋ ನಾಟ್ ಇನ್ ಒಳಗಿನ ಸಬ್‌ಕ್ವೆರಿಯಲ್ಲಿ ಒಂದೇ ಒಂದು ನಲ್ (ಏನೂ ತುಂಬದ ಜಾಗ) ನುಸುಳಿದರೆ ಇಡೀ ಉತ್ತರ ಖಾಲಿ ಬರುತ್ತೆ, ಎಸ್‌ಕ್ಯೂಎಲ್ ಸರ್ವರ್ ಸೇರಿ ನಾಲ್ಕೂ ಡೇಟಾಬೇಸಲ್ಲಿ. ಎಡಗಡೆ ಟೇಬಲ್ಲಿನ ಎಲ್ಲ ಸಾಲನ್ನೂ ಉಳಿಸೋ ಲೆಫ್ಟ್ ಜಾಯಿನ್ ಮಾಡಿ, ಬಲಗಡೆ ಟೇಬಲ್ಲಿನ ಕಾಲಂಗೆ ವೇರ್ ಷರತ್ತಿನಲ್ಲಿ ಒಂದು ಮೌಲ್ಯ ಕೇಳಿದರೆ ಅದು ಎರಡೂ ಕಡೆ ಹೊಂದೋ ಸಾಲಷ್ಟೇ ಕೊಡೋ ಇನ್ನರ್ ಜಾಯಿನ್ ಆಗಿಬಿಡುತ್ತೆ, ಅದೂ ನಾಲ್ಕರಲ್ಲೂ. ಇಂಟರ್‌ವ್ಯೂನಲ್ಲಿ ಜನ ಬೀಳೋದು ಇಂಥ ಕಡೆ, ಬ್ರ್ಯಾಂಡಿನ ಹೆಸರಲ್ಲಲ್ಲ.

ಆ ಕೋರ್ಸಿನ ಫೀಸಿನ ದುಡ್ಡು ಜೇಬಲ್ಲೇ ಇರಲಿ. ಪೋಸ್ಟ್‌ಗ್ರೆಸ್ ಹಾಕ್ಕೊಳ್ಳಿ. ಸಾಲುಸಾಲು ಸಂಖ್ಯೆ ಹುಟ್ಟಿಸೋ ಜನರೇಟ್ ಸೀರೀಸ್ ಬಳಸಿ 10 ಲಕ್ಷ ಸಾಲಿನ ಗ್ರಾಹಕರ ಟೇಬಲ್ ತುಂಬಿ: ಫೋನು, ಈಮೇಲು, ಊರು. ಊರಿನ ಕಾಲಂನಲ್ಲಿ ನೂರಕ್ಕೆ ಎಂಬತ್ತು ಸಾಲಿಗೆ ಬೇಕಂತಲೇ ಬೆಂಗಳೂರು ಅಂತ ಹಾಕಿ. ತುಂಬಿದ ಕೂಡಲೆ ಅನಲೈಸ್ ಓಡಿಸಿ, ಇಲ್ಲಾಂದ್ರೆ ಹುಡುಕೋ ದಾರಿ ಆರಿಸೋ ಪ್ಲ್ಯಾನರ್ ಹಳೇ ಅಂದಾಜಿನ ಮೇಲೇ ಲೆಕ್ಕ ಹಾಕುತ್ತೆ. ಈಗ ಒಂದು ಫೋನ್ ನಂಬರ್ ಹುಡುಕಿ, ಆ ದಾರಿ ಯಾವುದು ಅಂತ ತೋರಿಸೋ ಎಕ್ಸ್‌ಪ್ಲೇನ್ ಅನಲೈಸ್ ಹಾಕಿ ನೋಡಿ. ಸೀಕ್ವೆನ್ಷಿಯಲ್ ಸ್ಕ್ಯಾನ್, ಅಂದ್ರೆ ಸಾಲುಗಳನ್ನೆಲ್ಲ ಒಂದೊಂದಾಗಿ ಓದೋದು, ಕಾಣುತ್ತೆ. ಫೋನ್ ಕಾಲಂಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿ ಇದ್ದ ಹಾಗೆ) ಹಾಕಿ ಮತ್ತೆ ನೋಡಿ. ಆಮೇಲೆ ಈಮೇಲ್ ಮೇಲೆ ಇಂಡೆಕ್ಸ್ ಹಾಕಿ, ಹುಡುಕುವಾಗ ಕಾಲಂಗೆ ಲೋವರ್ (ಸಣ್ಣಕ್ಷರ ಮಾಡೋ ಫಂಕ್ಷನ್) ಸುತ್ತಿ. ಇಂಡೆಕ್ಸ್ ಇದ್ದೂ ಇಲ್ಲದ ಹಾಗೆ! ಲೋವರ್ ಮಾಡಿದ ಎಕ್ಸ್‌ಪ್ರೆಷನ್ ಮೇಲೇ ಇಂಡೆಕ್ಸ್ ಹಾಕಿದರೆ ಸರಿಹೋಗುತ್ತೆ. ಕೊನೆಗೆ ಊರಿನ ಕಾಲಂಗೂ ಇಂಡೆಕ್ಸ್ ಹಾಕಿ ಬೆಂಗಳೂರಿನವರ ಸಾಲುಗಳನ್ನೆಲ್ಲ ಕೇಳಿ. ಪೋಸ್ಟ್‌ಗ್ರೆಸ್ ಇಂಡೆಕ್ಸನ್ನ ಮುಟ್ಟೋದೇ ಇಲ್ಲ, ಮುಟ್ಟದಿರೋದೇ ಸರಿ. ಯಾಕೆ ಸರಿ ಅಂತ ನಿಮ್ಮ ಮಾತಲ್ಲಿ ವಿವರಿಸೋಕೆ ಬಂದ್ರೆ ಅರ್ಧ ಇಂಟರ್‌ವ್ಯೂ ದಾಟಿದ ಹಾಗೆ.

ಇನ್ನೊಂದು ಸಂಜೆ ಎರಡು ವಿಂಡೋ ತೆಗೆದು ಡೆಡ್‌ಲಾಕ್ ಮಾಡಿ, ಅಂದ್ರೆ ಒಂದಕ್ಕೊಂದು ಕಾಯ್ತಾ ಎರಡೂ ಸಿಕ್ಕಿಹಾಕ್ಕೊಳ್ಳೋದು. ಎರಡರಲ್ಲೂ ಟ್ರಾನ್ಸಾಕ್ಷನ್ ಶುರು ಮಾಡಿ, ಒಂದರಲ್ಲಿ ಮೊದಲನೇ ಸಾಲು, ಇನ್ನೊಂದರಲ್ಲಿ ಎರಡನೇ ಸಾಲು ಅಪ್‌ಡೇಟ್ ಮಾಡಿ, ಆಮೇಲೆ ಅದಲುಬದಲು. ಒಂದು ಸೆಕೆಂಡಿನ ನಂತರ ಪೋಸ್ಟ್‌ಗ್ರೆಸ್ ಡೆಡ್‌ಲಾಕ್ ಹುಡುಕಿ ಒಂದನ್ನ ಕೊಂದುಹಾಕುತ್ತೆ. ಇನ್ನೊಮ್ಮೆ ಟ್ರಾನ್ಸಾಕ್ಷನ್ ಶುರು ಮಾಡಿ ಒಂದು ಸೆಲೆಕ್ಟ್ ಓಡಿಸಿ ಕಮಿಟ್ ಮಾಡದೆ ಬಿಡಿ. ಐಸೊಲೇಷನ್ (ಬೇರೆಯವರ ಬದಲಾವಣೆ ಎಷ್ಟು ಕಾಣಬೇಕು ಅನ್ನೋ ಮಟ್ಟ) ಮಾತ್ರ ಶುರುವಲ್ಲೇ ರಿಪೀಟಬಲ್ ರೀಡ್‌ನಲ್ಲಿ ಇಟ್ಟಿರಬೇಕು, ಮಾಮೂಲಿ ರೀಡ್ ಕಮಿಟೆಡ್‌ನಲ್ಲಿ ಬರೀ ಸೆಲೆಕ್ಟ್‌ಗೆ ಹೀಗಾಗಲ್ಲ. ಬೇರೆ ವಿಂಡೋದಲ್ಲಿ ಅದೇ ಟೇಬಲ್ಲನ್ನ ಅಪ್‌ಡೇಟ್ ಮಾಡ್ತಾ ಹೋಗಿ. ಕಸ ಗುಡಿಸೋ ವ್ಯಾಕ್ಯೂಮ್ ಎಷ್ಟು ಓಡಿಸಿದ್ರೂ ಅಪ್‌ಡೇಟ್ ಬಿಟ್ಟುಹೋದ ಹಳೇ, ಸತ್ತ ಸಾಲುಗಳು ಹೋಗಲ್ಲ, ಟೇಬಲ್ ಊದುತ್ತೆ. ರಾತ್ರಿ ಪಾಳಿಯಲ್ಲಿ ಫೋನ್ ಬರೋದು ಇದಕ್ಕೇ.

ಹಾಗಾದ್ರೆ ಎಲ್ಲಾ ಒಂದೇನಾ ಅಂದ್ರೆ, ಅಲ್ಲ. ಕನ್ನಡದ ಹೆಸರನ್ನೇ ತಗೊಳ್ಳಿ. ಅಕ್ಷರಗಳನ್ನ ಬೈಟ್ ಮಾಡಿಡೋ ಯುಟಿಎಫ್-8ರಲ್ಲಿ ನಮ್ಮ ಮೂಲಾಕ್ಷರ, ಕೊಂಬು, ಒತ್ತಿಗೆ ಮುಂಚೆ ಬರೋ ಹಲಂತ ಚಿಹ್ನೆ, ಪ್ರತಿಯೊಂದೂ ಒಂದೊಂದು ಸಂಕೇತ, 3 ಬೈಟ್. ಶ್ರೀನಿವಾಸಮೂರ್ತಿ ಅಂದ್ರೆ 15 ಸಂಕೇತ, 45 ಬೈಟ್. ಒರಾಕಲ್‌ನಲ್ಲಿ ಪಠ್ಯ ಇಡೋ ವಾರ್‌ಚಾರ್2 ಕಾಲಂಗೆ ಅಳತೆ 30 ಅಂತ ಕೊಟ್ಟರೆ ಅದು ಮಾಮೂಲಿಯಾಗಿ 30 ಬೈಟ್, ಮೂರ್ತಿಗಳು ಒಳಗೆ ಹಿಡಿಸಲ್ಲ. 30 ಚಾರ್ ಅಂತ ಬಿಡಿಸಿ ಬರೀಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಆ 30 ಸಂಕೇತದ ಲೆಕ್ಕವೇ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಂ ಯುನಿಕೋಡ್ ಹಿಡಿಸೋ ಎನ್‌ವಾರ್‌ಚಾರ್ ಇದ್ದರೂ ಕೋಟ್‌ ಮುಂದೆ ಎನ್ ಮರೆತರೆ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನೆಚಿಹ್ನೆಗಳು. ಮೈಎಸ್‌ಕ್ಯೂಎಲ್‌ನ ಹಳೇ ಯುಟಿಎಫ್8 ಮೂರೇ ಬೈಟಿಂದು: ಕನ್ನಡ ಕೂರುತ್ತೆ, ಎಮೋಜಿ ಬಂದರೆ ಎರರ್. ಅದಕ್ಕೇ ನಾಲ್ಕು ಬೈಟಿನ ಯುಟಿಎಫ್8ಎಂಬಿ4. 45 ದಿನದ ಸಿಲಬಸ್‌ನಲ್ಲಿ ಇದ್ಯಾವುದಾದ್ರೂ ಇದೆಯಾ, ಕಟ್ಟೋ ಮೊದಲು ಕೇಳಿ ನೋಡಿ.

"ಅಲ್ಲ ಸಾರ್, ಬ್ಯಾಂಕು, ಇನ್ಶೂರೆನ್ಸು ಎಲ್ಲ ಒರಾಕಲ್ ಮೇಲೇ ಓಡ್ತಿವೆಯಲ್ಲ?" ಓಡ್ತಿವೆ, ಯಾರು ಇಲ್ಲ ಅಂದ್ರು? ಆದರೆ ಬ್ಯಾಂಕಿನ ಪ್ರೊಡಕ್ಷನ್ ಸರ್ವರನ್ನ ಫ್ರೆಷರ್ ಕೈಗೆ ಕೊಡೋ ಮ್ಯಾನೇಜರ್ ಯಾರಪ್ಪಾ? ಕಲಿಯಲೇಬೇಕು ಅಂದ್ರೆ ಒರಾಕಲ್‌ನದೇ ಉಚಿತ ಆವೃತ್ತಿ ಇದೆ, 12 ಜಿಬಿ ಡೇಟಾ, 2 ಜಿಬಿ ಮೆಮರಿ ಮಿತಿ, ಅಭ್ಯಾಸಕ್ಕೆ ಧಾರಾಳ. ಅದನ್ನ ಪೋಸ್ಟ್‌ಗ್ರೆಸ್ ಆದಮೇಲೆ ಕಲೀರಿ, ಆಗ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಸಾಗಿಸೋ ಪ್ರಾಜೆಕ್ಟಲ್ಲಿ ಕೆಲಸ ಸಿಗೋದೇ ಆ ವ್ಯತ್ಯಾಸ ಗೊತ್ತಿರೋರಿಗೆ. ಒರಾಕಲ್‌ಗೆ ಖಾಲಿ ಸ್ಟ್ರಿಂಗೂ ನಲ್ಲೂ ಒಂದೇ, ಪೋಸ್ಟ್‌ಗ್ರೆಸ್‌ಗೆ ಬೇರೆಬೇರೆ. ಒರಾಕಲ್‌ನಲ್ಲಿ ಹೆಸರಿಗೆ ನಲ್ ಜೋಡಿಸಿದರೆ ಹೆಸರು ಹಾಗೇ ಉಳಿಯುತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಪೈಪ್ ಚಿಹ್ನೆ ಹಾಕಿ ಜೋಡಿಸಿದರೆ ಪೂರ್ತಿ ನಲ್. ನಲ್ ಇದ್ದ ಕಡೆ ಬೇರೇನಾದ್ರೂ ತುಂಬೋ ಕೋಲೆಸ್ ಹಾಕದೆ ಕೋಡನ್ನ ಹಾಗೇ ಸಾಗಿಸಿದ್ರೆ, ಮಧ್ಯದ ಹೆಸರಿಲ್ಲದ ಗ್ರಾಹಕರೆಲ್ಲ ಸ್ಟೇಟ್‌ಮೆಂಟಿನಲ್ಲಿ ಹೆಸರೇ ಇಲ್ಲದೆ ಅಚ್ಚಾಗ್ತಾರೆ.