ಬಾಳೆಹಣ್ಣು ಬಿಚ್ಚು ಅಂದರೆ ತಿದ್ದಬೇಡಿ

ಎರಡು ವರ್ಷದ ಮಗುವಿಗೆ ಎಷ್ಟು ಮಾತು ಬರುತ್ತೆ ಅಂತ ನೋಡೋಕೆ ಎಲ್ಲರೂ ಮಾಡುವುದು ಒಂದೇ. ಚಾರ್ಟ್ ಮುಂದೆ ನಿಲ್ಲಿಸಿ "ಇದೇನು ಪುಟ್ಟಾ?" ಅಂತ ಕೇಳುವುದು. ಆನೆ, ಆಪಲ್, ಬಸ್ಸು. ನನಗೆ ಈ ಪರೀಕ್ಷೆ ಅಷ್ಟಕ್ಕಷ್ಟೇ. ಮಗುವಿನ ತಲೆ ಹೇಗೆ ಓಡುತ್ತೆ ಅಂತ ತಿಳಿಯಬೇಕಾದರೆ ಅದರ ಕ್ರಿಯಾಪದಗಳನ್ನು ಕೇಳಬೇಕು. ಚಿತ್ರದಲ್ಲಿ ಆನೆ ಸುಮ್ನೆ ನಿಂತಿರುತ್ತೆ, ಬೆರಳಿಟ್ಟು ತೋರಿಸಬಹುದು. "ಸುಲಿ" ಅನ್ನುವುದನ್ನು ಎಲ್ಲಿ ಅಂತ ತೋರಿಸುತ್ತೀರಿ? ಹೇಳುವಷ್ಟರಲ್ಲಿ ಸುಲಿದು ಮುಗಿದಿರುತ್ತೆ.

ನಮ್ಮಕ್ಕನ ಮಗಳು "ಚಿಕ್ಕೀ, ಬಾಳೆಹಣ್ಣು ಬಿಚ್ಚು" ಅನ್ನುತ್ತಾಳೆ. ತಕ್ಷಣ ಅವಳಜ್ಜಿ, "ಬಿಚ್ಚು ಅಲ್ಲ ಕಂದಾ, ಸುಲಿ ಅನ್ನು." ಯಾಕೆ ತಿದ್ದಬೇಕು? ಅಂಗಿ ಬಿಚ್ಚುತ್ತೇವೆ, ಪೊಟ್ಟಣ ಬಿಚ್ಚುತ್ತೇವೆ, ಮೇಲಿನ ಹೊದಿಕೆ ತೆಗೆದರೆ ಒಳಗಿರುವುದು ಸಿಗುತ್ತೆ ಅನ್ನುವುದು ಅವಳಿಗೆ ಗೊತ್ತಾಗಿದೆ. ಸರಿಯಾದ ಪದ ಇನ್ನೂ ನಾಲಿಗೆಗೆ ಬಂದಿಲ್ಲ, ಅದರ ನೆಂಟನನ್ನು ಕರೆದುಕೊಂಡು ಬಂದಿದ್ದಾಳೆ ಅಷ್ಟೇ. ನಾವೇನು ಕಮ್ಮಿಯಾ? ಬಾಗಿಲು ಹಾಕಿದರೆ ಮುಚ್ಚುತ್ತೆ, ಲೈಟು ಹಾಕಿದರೆ ಹತ್ತುತ್ತೆ, ಆಮೇಲೆ ಒಗ್ಗರಣೆ ಹಾಕುತ್ತೇವೆ, ಓಟೂ ಹಾಕುತ್ತೇವೆ!

ಮೆಲಿಸ್ಸಾ ಬೋವರ್‌ಮನ್ ಅನ್ನುವ ಭಾಷಾವಿಜ್ಞಾನಿ ತಮ್ಮ ಮಕ್ಕಳ ಮಾತನ್ನೇ ಬರೆದಿಟ್ಟುಕೊಂಡವರು. ಅವರ ಮಗಳು ನನ್ನ ನಗಿಸಬೇಡ ಅನ್ನೋಕೆ "ಡೋಂಟ್ ಗಿಗಲ್ ಮಿ" ಅಂದಿದ್ದಳು. ಪಾಪ, "ನಗು" ಅನ್ನುವುದನ್ನು "ನಗಿಸು" ಮಾಡುವ ನಮ್ಮ "ಇಸು" ಇಂಗ್ಲಿಷಿನಲ್ಲಿ ಇಲ್ಲವಲ್ಲ. ಹಾಗಾದರೆ ನಮ್ಮ ಮಕ್ಕಳು ಈ "ಇಸು" ಹಿಡಿದೇ ಅರ್ಥ ಮಾಡಿಕೊಳ್ಳುತ್ತಾರಾ?

ಇದನ್ನು ಕನ್ನಡದ ಮಕ್ಕಳಲ್ಲೇ ನೋಡಿದ್ದಾರೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಅದು. 3 ವರ್ಷದ ಮಕ್ಕಳಿಗೆ ಆಟದ ಪ್ರಾಣಿ ಕೊಟ್ಟು, ಒಂದು ವಾಕ್ಯ ಹೇಳಿ, ಅದನ್ನು ಆಡಿ ತೋರಿಸಿ ಅಂದರು. ಕೆಲವು ವಾಕ್ಯಗಳನ್ನು ಬೇಕೆಂದೇ ತಪ್ಪಾಗಿ ಕಟ್ಟಿದ್ದರು, "ಇಸು" ಬೇಕಾದ ಕಡೆ ಬಿಟ್ಟು, ಬೇಡದ ಕಡೆ ಹಾಕಿ. ವಾಕ್ಯದಲ್ಲಿ ಎರಡು ಹೆಸರಿದ್ದರೆ ಒಂದು ಪ್ರಾಣಿ ಇನ್ನೊಂದರ ಕೈಲಿ ಆ ಕೆಲಸ ಮಾಡಿಸುವಂತೆ ಮಕ್ಕಳು ಆಡಿ ತೋರಿಸಿದರು. ಒಂದೇ ಹೆಸರಿದ್ದರೆ ಆ ಪ್ರಾಣಿ ತಾನೇ ಮಾಡಿತು. "ಇಸು" ಇದೆಯೋ ಇಲ್ಲವೋ ಅನ್ನುವುದಕ್ಕೆ ಹೆಚ್ಚುಕಮ್ಮಿ ಕಿಮ್ಮತ್ತೇ ಇಲ್ಲ!

ನನಗೆ ಇದು ವಿಚಿತ್ರ ಅನ್ನಿಸುವುದು ಯಾಕೆಂದರೆ ನಾವು ಮನೆಯಲ್ಲಿ ಹೆಸರುಗಳನ್ನು ನುಂಗಿಯೇ ಮಾತಾಡುವುದು. "ಕೊಟ್ಳಾ?" "ಹೂಂ, ಕೊಟ್ಳು." ಯಾರು, ಯಾರಿಗೆ, ಏನು, ಒಂದೂ ಇಲ್ಲ. ಆದರೂ ಮಕ್ಕಳು ಎಣಿಸಿದ್ದು ಹೆಸರನ್ನೇ.

ಅದಕ್ಕೇ ನಾನು ಹೇಳುವುದು, ಪದ ತಿದ್ದುವುದಕ್ಕಿಂತ ಪೂರ್ತಿ ವಾಕ್ಯ ಆಡಿ. ಅದೂ ಕೆಲಸಕ್ಕೆ ಮುಂಚೆ. ಟೊಮಾಸೆಲ್ಲೊ ಮತ್ತು ಕ್ರೂಗರ್ ಅನ್ನುವ ಸಂಶೋಧಕರು 1992ರಲ್ಲೇ ತೋರಿಸಿದ್ದರು, ಕೆಲಸ ಇನ್ನೇನು ಆಗಬೇಕು ಅನ್ನುವಾಗ ಕಿವಿಗೆ ಬಿದ್ದ ಕ್ರಿಯಾಪದವನ್ನು ಮಕ್ಕಳು ಚೆನ್ನಾಗಿ ಕಲಿಯುತ್ತವೆ. "ಈಗ ಅಜ್ಜಿ ಅಕ್ಕಿ ಜರಡಿ ಹಿಡೀತಾರೆ ನೋಡು" ಅನ್ನಿ, ಆಮೇಲೆ ಅಜ್ಜಿ ಜರಡಿ ಎತ್ತಲಿ.